ತಂಡದ ಆಟವೂ ಕಲಿಕೆಯ ಪರೀಕ್ಷೆಯೂ

ಗಣಕಯಂತ್ರದ ಆಟಗಳನ್ನು ವಿಜ್ಞಾನದ ಪಾಠಕ್ಕೆ ಬಳಸಿಕೊಳ್ಳುವುದು ಈಗ ಹೊಸ ಸಂಗತಿಯಲ್ಲ. ಆಡುತ್ತಿರುವಾಗಲೇ ಬಾಲಕರ ಅರಿವನ್ನು ಅಳೆದುಬಿಡಬಹುದು, ಬೇರೆ ಪರೀಕ್ಷೆಯೇ ಬೇಡ, ಎಂಬ ವಾದವೂ ಅದರೊಡನೆ ಬೆಳೆದುಬಂದಿದೆ. ಆಟವು ಒಬ್ಬನದಾಗಿದ್ದರೆ ಇದನ್ನು ಒಪ್ಪುವುದು ಅಷ್ಟು ಕಷ್ಟವಲ್ಲ. ತಂಡವಾಗಿ ಆಡಿದಾಗ ಅಳತೆಗೆ ಸಿಕ್ಕುವುದು ಯಾರ ಅರಿವು?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ರಚಿತವಾದ ಎರಡು ಆಟಗಳು ಈ ವಿಚಾರಣೆಗೆ ತಕ್ಕವು. ಎರಡೂ ಹೆಚ್ಚಾಗಿ 6ರಿಂದ 8ನೆಯ ತರಗತಿಯ ಮಕ್ಕಳಿಗೆ ಉದ್ದೇಶಿಸಿದವು. ಭಾರತದ 2009ರ ಶಿಕ್ಷಣದ ಹಕ್ಕಿನ ಕಾಯಿದೆಯಂತೆ ಇವು ಪ್ರಾಥಮಿಕ ಶಿಕ್ಷಣಕ್ಕೆ ಸೇರಿದ ತರಗತಿಗಳೇ.

ಮೊದಲನೆಯದು 'ರಿವರ್ ಸಿಟಿ'. 19ನೆಯ ಶತಮಾನದ ಊರೊಂದರಲ್ಲಿ ಜನರು ಕಾಯಿಲೆ ಬೀಳುತ್ತಿದ್ದಾರೆ. ಮಕ್ಕಳು ಸಣ್ಣ ತಂಡಗಳಾಗಿ ಆ ಊರನ್ನು ಹೊಕ್ಕು, ನಿವಾಸಿಗಳನ್ನು ವಿಚಾರಿಸಿ, ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವು ನೀರಿನಿಂದಲೋ ಗಾಳಿಯಿಂದಲೋ ಕೀಟದಿಂದಲೋ ಎಂಬುದನ್ನು ಊಹಿಸಿ, ಆ ಊಹೆಯನ್ನು ಪ್ರಯೋಗಕ್ಕೆ ಒಡ್ಡಬೇಕು. ಕಡೆಯಲ್ಲಿ ಮೇಯರಿಗೆ ಒಂದು ಪತ್ರ. ಸಾಹಿತ್ಯದ ಉಪಾಧ್ಯಾಯರಿಗೆ ಗಮನಾರ್ಹವಾದುದು ಈ ಪತ್ರವೇ. ವಿಜ್ಞಾನವಿಚಾರದ ಪರೀಕ್ಷೆಯಲ್ಲಿ ಕಡಮೆ ಅಂಕ ಪಡೆದವರು ಬರೆದ ಪತ್ರಗಳು, ಹೆಚ್ಚು ಅಂಕದವರ ಪತ್ರಗಳನ್ನು ಗುಣದಲ್ಲಿ ಹೋಲುತ್ತಿದ್ದುದನ್ನು ಡಯೇನ್ ಕೆಟೆಲ್‌ಹಟ್ ಮೊದಲಾದ ಸಂಶೋಧಕರು ಕಂಡರು. ಹಿಂದುಳಿದವನೆನಿಸಿಕೊಂಡ ಬಾಲಕನು ಕಾರ್ಯಕಾರಣಗಳನ್ನು ಜೋಡಿಸಿ ವಾದ ಹೂಡಬಲ್ಲನೆಂದಾಯಿತು. ಪ್ರಶ್ನಪತ್ರಿಕೆ ಹಿಡಿಯಲಾರದುದನ್ನು ಪತ್ರ ಹಿಡಿಯಿತು. ಆ ವಾದದಲ್ಲಿ ಜೊತೆಗಾರರಿಂದ ಬಂದುದೆಷ್ಟು ಎಂಬ ಆಕ್ಷೇಪಕ್ಕೆ ಎಡೆಯುಂಟು; ಆದರೆ ಕೇಳಿ ತಿಳಿದುದನ್ನು ತನ್ನದಾಗಿ ಮಾಡಿಕೊಂಡು ಬರೆಯುವುದೂ ಕಲಿಕೆಯೇ.

ಎರಡನೆಯದು 'ಇಕೋಮ್ಯೂವ್'. ಕೊಳವೊಂದರಲ್ಲಿ ಒಂದು ದಿನ ದೊಡ್ಡ ಮೀನುಗಳೆಲ್ಲ ಸತ್ತು ಬಿದ್ದಿವೆ. ತಂಡದ ನಾಲ್ವರಲ್ಲಿ ಒಬ್ಬನು ಜೀವಿಗಳನ್ನು ಎಣಿಸುವವನು, ಒಬ್ಬನು ಸೂಕ್ಷ್ಮಜೀವಿಗಳನ್ನು ನೋಡುವವನು, ಇನ್ನೊಬ್ಬನು ನೀರಿನ ರಸಾಯನವನ್ನು ಅಳೆಯುವವನು, ಮತ್ತೊಬ್ಬನು ಪತ್ತೇದಾರ. ಮಳೆಗೆ ಗೊಬ್ಬರ ಕೊಚ್ಚಿಬಂದು ಪಾಚಿ ಮಿತಿಮೀರಿ ಬೆಳೆಯಿತು. ಪಾಚಿ ಸತ್ತಾಗ ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಗಳು ಹೆಚ್ಚಿದವು. ಅವು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಟ್ಟವು. ಮೀನುಗಳು ಉಸಿರುಕಟ್ಟಿ ಸತ್ತವು. ಈ ಸರಪಣಿಯ ಕೊಂಡಿಗಳು ನಾಲ್ವರಲ್ಲಿ ಹಂಚಿಹೋಗಿವೆ. ಒಬ್ಬನು ಸುಮ್ಮನಿದ್ದರೆ ಸರಪಣಿ ಕೂಡುವುದಿಲ್ಲ. ಕಲಿಸುವ ಉಪಾಯವಾಗಿ ಇದಕ್ಕಿಂತ ಸೊಗಸಾದುದು ಅಪೂರ್ವ. ಪರೀಕ್ಷೆಯ ದೃಷ್ಟಿಯಿಂದ ತೊಡಕು ಹುಟ್ಟುವುದೂ ಇಲ್ಲಿಯೇ. ಕೊನೆಗೆ ನಾಲ್ವರೂ ಸೇರಿ ಕಾರಣಗಳ ನಕ್ಷೆಯೊಂದನ್ನು ಬರೆಯುತ್ತಾರೆ. ನಕ್ಷೆ ಸರಿಯಾಗಿದೆಯೆನ್ನೋಣ. ಆಮ್ಲಜನಕದ ಅಂಕಿಯನ್ನು ತಂದುಕೊಟ್ಟ ಹುಡುಗಿಗೆ ಆ ಅಂಕಿ ಏಕೆ ಇಳಿಯಿತೆಂಬುದು ತಿಳಿದಿದೆಯೇ? ಚುರುಕಾದ ಒಬ್ಬನು ಬಾಣದ ಗೆರೆಗಳನ್ನೆಲ್ಲ ಎಳೆದಿದ್ದರೆ ಮಿಕ್ಕ ಮೂವರ ಅರಿವನ್ನಾಗಲಿ ಅಜ್ಞಾನವನ್ನಾಗಲಿ ನಕ್ಷೆ ತೋರಿಸದು. ತಂಡಕ್ಕೆ ಒಂದೇ ಅಂಕ ಕೊಡುವ ಪದ್ಧತಿಯು ಒಬ್ಬನಿಗೆ ಉಪಕಾರವನ್ನೂ ಮತ್ತೊಬ್ಬನಿಗೆ ಅನ್ಯಾಯವನ್ನೂ ಒಂದೇ ಕೈಯಿಂದ ಮಾಡುತ್ತದೆ.

ಈ ತೊಡಕನ್ನು ಅಳೆಯುವವರು ಅರಿಯದಿಲ್ಲ. ಅದೇ ಹಾರ್ವರ್ಡಿನಲ್ಲಿ ಪರೀಕ್ಷೆಗೆಂದೇ ರಚಿಸಿದ, ಆರು ಕಾಲಿನ ಕಪ್ಪೆಯ ಕಾರಣವನ್ನು ಹುಡುಕುವ ಆಟದಲ್ಲಿ ಪ್ರತಿಯೊಂದು ಮಗುವೂ ಒಂಟಿ. 15 ವರ್ಷದವರಿಗಾಗಿ 2015ರಲ್ಲಿ ನಡೆದ ಪೀಸಾ ಪರೀಕ್ಷೆಯು ಸಹಕಾರವನ್ನೇ ಅಳೆಯಹೊರಟಿತು. ಅಲ್ಲಿಯೂ ಜೊತೆಗಾರರು ಮನುಷ್ಯರಲ್ಲ, ಯಂತ್ರವು ಮಾತನಾಡಿಸಿದ ಬೊಂಬೆಗಳು. ಎಲ್ಲರಿಗೂ ಸಮನಾದ ಜೊತೆ ದೊರೆಯಲೆಂಬುದು ಇದರ ಉದ್ದೇಶ. ಜಗಳವಾಡುವ, ಮುನಿಯುವ, ಅಕಸ್ಮಾತ್ತಾಗಿ ಒಳ್ಳೆಯ ಪ್ರಶ್ನೆ ಕೇಳುವ ನಿಜವಾದ ಸಹಪಾಠಿ ಹೀಗೆ ಹೊರಗುಳಿದನು. ಅಳತೆ ನಿಷ್ಕೃಷ್ಟವಾದಷ್ಟೂ ಅಳೆಯಬೇಕಾದ ವಸ್ತು ಬಡವಾಯಿತು.

ಆದಕಾರಣ ತಂಡವನ್ನು ಬಿಡದೆ, ತಂಡದ ಅಂಕವನ್ನು ಮಾತ್ರ ಬಿಡುವುದು ಮೇಲು. ಆಟ ಮುಗಿದ ಬಳಿಕ ಒಬ್ಬೊಬ್ಬರಿಂದಲೂ ಪತ್ರವನ್ನು ಬರೆಯಿಸಬಹುದು. ಬರವಣಿಗೆ ಬಾರದ ಮಗುವಿನ ವಿಜ್ಞಾನವು ಭಾಷೆಯ ದೋಷದಲ್ಲಿ ಮುಚ್ಚಿಹೋಗುವ ಭಯ ಇಲ್ಲಿದೆ. ಅಂಥವರಿಗೆ ಬಾಯಿಮಾತಿನಲ್ಲಿ ಹೇಳುವ ಅವಕಾಶವಿರಬೇಕು, ಕಾಗುಣಿತದ ತಪ್ಪಿಗೆ ಅಂಕ ಕಳೆಯಬಾರದು. ಕೇಳುವ ಪ್ರಶ್ನೆಯು ಅವರವರ ಪಾಲಿನದಾಗಿರದೆ ಜೊತೆಗಾರರ ಪಾಲಿನದಾಗಿರಲಿ: ನೀರನ್ನು ಅಳೆದವಳನ್ನು ಬ್ಯಾಕ್ಟೀರಿಯಗಳ ವಿಷಯವಾಗಿಯೂ, ಮೀನನ್ನು ಎಣಿಸಿದವನನ್ನು ಗೊಬ್ಬರದ ವಿಷಯವಾಗಿಯೂ ಕೇಳತಕ್ಕದ್ದು.