ಕುಂಕುಮದ ಹಗ್ಗ

ದೃಷ್ಟಿ ತಾಗಬಾರದೆಂದು ನಾವು ಹೆಂಗಸರು ಏನೆಲ್ಲ ಕಟ್ಟುತ್ತೇವೆ! ತೊಟ್ಟಿಲ ಕೂಸಿಗೆ ಕರಿದಾರ, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ, ಕೊರಳಿಗೆ ತಾಯತ. ನಮ್ಮ ಚಚಡಿಯಂಥ ಊರುಗಳಲ್ಲಿ ಇದರ ಮೇಲೆ ಸವದತ್ತಿ ಎಲ್ಲಮ್ಮನ ಭಂಡಾರ ಬೇರೆ. ಇಂಥ ವಸ್ತುಗಳನ್ನೇ ಎತ್ತಿಕೊಂಡು ಕಲೆ ಮಾಡಿದವರು ಶೀಲಾ ಗೌಡ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತ ಇವರು ಮೊದಲಿಗೆ ಚಿತ್ರಕಾರ್ತಿ. 1992ರ ಸುಮಾರಿನ ಕೋಮುಹಿಂಸೆಯ ದಿನಗಳಲ್ಲಿ ಬಣ್ಣ, ಕ್ಯಾನ್ವಾಸುಗಳಷ್ಟೇ ಸಾಲದೆನಿಸಿ ಸೆಗಣಿಗೆ ಕೈಹಾಕಿದರು. ಆಮೇಲೆ ಬಂದದ್ದು ಸೂಜಿ, ದಾರ, ಕುಂಕುಮ.

ಅವರ 1998ರ ಕೃತಿಯ ಹೆಸರನ್ನು ಕನ್ನಡದಲ್ಲಿ ‘ಅವನಿಗೆ ನನ್ನ ನೋವನ್ನೂ ಹೇಳು’ ಎನ್ನಬಹುದು. ನಾನು ನೋಡಿದ್ದು ಅದರ ಛಾಯಾಚಿತ್ರಗಳನ್ನು. ಸೂಜಿಯ ಕಣ್ಣಿಗೆ ದಾರ ಪೋಣಿಸಿ, ನೂರಾರು ಅಡಿ ಎಳೆದು, ಅಂಥ ಎಷ್ಟೋ ಎಳೆಗಳನ್ನು ಅಂಟು ಕುಂಕುಮ ಹಚ್ಚಿ ಒಂದೇ ಹಗ್ಗ ಮಾಡಿದ್ದಾರೆ. ಅದು ಗೋಡೆಯ ಮೇಲೆ, ನೆಲದ ಮೇಲೆ ಸುತ್ತಿಕೊಂಡು ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಒಮ್ಮೆ ಹೊಕ್ಕುಳಬಳ್ಳಿಯಂತೆ, ಒಮ್ಮೆ ನೆತ್ತರಿನಂತೆ ಕಾಣುವ ಇದರಲ್ಲಿ ಹೆಣ್ಣಿನ ಮೈ ಎಲ್ಲಿಯೂ ಇಲ್ಲ. ನನಗೆ ಮುಖ್ಯವೆನಿಸಿದ್ದು ಇದೇ. ದ್ರೌಪದಿಯ ಸೀರೆ ಸೆಳೆಯುವ ಕ್ಯಾಲೆಂಡರ್ ಚಿತ್ರಗಳಲ್ಲಿ ಅವಳ ಸಂಕಟದ ಜೊತೆಗೆ ಅವಳ ಮೈಯನ್ನೂ ನೋಡಲಿಕ್ಕೆ ಇಟ್ಟಿರುತ್ತಾರೆ. ಇಲ್ಲಿ ನೋವಿದೆ, ನೋಡಿ ಸವಿಯಲು ಮೈಯಿಲ್ಲ.

2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿಸಿದ ‘ಬಿಹೋಲ್ಡ್’ ಕೃತಿಯಲ್ಲಿ ಸುಮಾರು 4,000 ಮೀಟರ್ ಕೂದಲ ಹಗ್ಗವಿದೆ. ಅದರಿಂದ ಇಪ್ಪತ್ತರಷ್ಟು ಕಾರಿನ ಬಂಪರುಗಳು ತೂಗಿವೆ. ಭಕ್ತರು ಹರಕೆಗೆ ಕೊಟ್ಟ ಮುಡಿಯಿಂದ ಹೊಸೆದ ಇಂಥ ಹಗ್ಗವನ್ನು ಕೇಡು ತಟ್ಟದಿರಲೆಂದು ಬೆಂಗಳೂರಿನಲ್ಲಿ ಗಾಡಿಗಳ ಬಂಪರಿಗೆ ಕಟ್ಟುವ ರೂಢಿಯಿದೆ. ಮೈಯಿಂದ ಕಳಚಿದ ಕೂದಲು ಉಕ್ಕನ್ನು ಕಾಯಬೇಕು! ಕೂದಲು ಕೊಟ್ಟವರನ್ನು ಕಾಯುವುದು ಯಾವುದು?

ಈ ಪ್ರಶ್ನೆ ನಮಗೆ ದೂರದ್ದಲ್ಲ. ಗಂಡನ ಮಾತಿನ ಮೇರೆಗೆ ಮಗನ ಕೊಡಲಿಗೆ ತಲೆ ಕೊಟ್ಟ ರೇಣುಕೆಯೇ ನಮ್ಮ ಎಲ್ಲವ್ವ. ತನ್ನನ್ನು ಕಾಯುವವರಿಲ್ಲದವಳು ಊರನ್ನೆಲ್ಲ ಕಾಯುವ ತಾಯಿಯಾದಳು. ಅವಳ ಹೆಸರಿನಲ್ಲೇ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿದರು. ಅದನ್ನು ತಡೆಯಲು 1982ರ ಕಾಯ್ದೆ ಬೇಕಾಯಿತು. ಕಾಪಾಡಲೆಂದು ಕಟ್ಟಿದ ದಾರವೇ ಕೊರಳಿಗೆ ಕಣ್ಣಿಯಾಗಬಲ್ಲದು. ಶೀಲಾ ಅವರು ಎಲ್ಲವ್ವನ ಕಥೆ ಹೇಳಹೊರಟವರಲ್ಲ. ಆದರೂ ಕಟ್ಟುವ, ಕಾಯುವ ಎರಡೂ ಗುಣಗಳನ್ನು ಅವರ ಕೆಂಪು ಹಗ್ಗ ಉಳಿಸಿಕೊಂಡಿದೆ. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡುವುದಿಲ್ಲ.

ನನ್ನ ತಕರಾರೂ ಒಂದಿದೆ. ಗ್ಯಾಲರಿಯ ಬಿಳಿಗೋಡೆಗೆ ಏರಿದ ಮೇಲೆ ಈ ಹಗ್ಗ ತೀರ ಚೆಂದ ಕಾಣುತ್ತದೆ. ಆ ಚೆಂದಕ್ಕೆ ಮನಸೋತವರು ಸೂಜಿಯ ಮೊನೆಯನ್ನು ಮರೆಯಬಹುದು. ಗುಡ್ಡದ ಮೇಲೆ ಕುಂಕುಮ ಮಾರುವ ಹೆಣ್ಣುಮಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಗ್ಯಾಲರಿಯ ಬಾಗಿಲು ಅವಳಿಗೆ ದೂರ.

ಹಾಗಿದ್ದರೂ ಈ ಕೃತಿಗಳು ನನಗೊಂದು ಮಾತು ಕಲಿಸಿವೆ. ತಾಯತ ಕಟ್ಟಿಕೊಂಡವಳನ್ನು ಮೂಢಳೆಂದು ನಗುವುದು ಸುಲಭ. ಅದಕ್ಕೂ ಮೊದಲು, ಇವಳು ಯಾರಿಗೆ ಹೆದರಿ ಇದನ್ನು ಕಟ್ಟಿಕೊಂಡಳು ಎಂದು ಕೇಳಬೇಕು. ಆ ಹೆದರಿಕೆಯ ಕಾರಣ ಎಷ್ಟೋ ಸಲ ಅವಳ ಮನೆಯೊಳಗೇ ಇರುತ್ತದೆ.