ಹಾಡಿನ ನುಡಿ, ಹಾಡುವವರ ನುಡಿ: ಬ್ರಿಟನ್ನಿನ ಪಂಜಾಬಿ ಸಂಗೀತ ಮತ್ತು ಅಸ್ಮಿತೆಯ ಪ್ರಶ್ನೆ

ವಲಸಿಗರ ಎರಡನೆಯ ತಲೆಮಾರಿನ ಸಂಗೀತವನ್ನು ಕುರಿತ ಭಾಷಿಕ ಅಧ್ಯಯನಗಳಲ್ಲಿ ಒಂದು ಗ್ರಹಿಕೆ ಪದೇ ಪದೇ ಎದುರಾಗುತ್ತದೆ: ಹಾಡಿನಲ್ಲಿ ಎರಡು ಭಾಷೆಗಳು ಬೆರೆತಿದ್ದರೆ ಅದನ್ನು ಕಟ್ಟಿದವರ ಅಸ್ಮಿತೆಯೂ ಎರಡು ಸಂಸ್ಕೃತಿಗಳ ಬೆರಕೆ ಎಂಬುದು. ಇದರ ಪ್ರಕಾರ ಹಿರಿಯರ ನುಡಿ ಬಂದಲ್ಲಿ ಬೇರಿನ ನಂಟು, ಇಂಗ್ಲಿಷ್ ಬಂದಲ್ಲಿ ನೆಲೆಸಿದ ನಾಡಿನ ನಂಟು. ಈ ಓದು ದತ್ತಾಂಶದ ಸ್ವರೂಪವನ್ನೇ ಮರೆಯುತ್ತದೆ ಎಂಬುದು ನಮ್ಮ ವಾದ. ಬ್ರಿಟನ್ನಿನ ಪಂಜಾಬಿ ಸಂಗೀತದ ಎರಡು ನಿದರ್ಶನಗಳ ಮೂಲಕ ಇದನ್ನು ಪರಿಶೀಲಿಸುತ್ತೇವೆ.

ಕವೆಂಟ್ರಿಯಲ್ಲಿ ಹುಟ್ಟಿದ ಪಂಜಾಬಿ ಎಂಸಿ 1998ರಲ್ಲಿ ಹೊರತಂದ ‘ಮುಂಡಿಯಾಂ ತೋ ಬಚ್ ಕೇ’ 2002–03ರ ವೇಳೆಗೆ ಯುರೋಪಿನಾದ್ಯಂತ ಜನಪ್ರಿಯವಾಯಿತು. ಅದರ ಸಾಹಿತ್ಯ ಪಂಜಾಬಿಯದು. ಆದರೆ ಆ ದನಿ ಭಾರತದ ಪಂಜಾಬಿನಲ್ಲಿ ಹುಟ್ಟಿದ ಲಾಭ್ ಜಂಜುವಾ ಅವರದು. ಕವೆಂಟ್ರಿಯ ಯುವಕನ ಕೈವಾಡವಿರುವುದು ಆ ದನಿಯನ್ನೂ ತುಂಬಿಯ ನಾದವನ್ನೂ ‘ನೈಟ್ ರೈಡರ್’ ಎಂಬ ಅಮೆರಿಕದ ದೂರದರ್ಶನ ಸರಣಿಯ ಶೀರ್ಷಿಕೆ ಸಂಗೀತದೊಡನೆ ಹೊಸೆದಿರುವುದರಲ್ಲಿ. ಈ ಹಾಡಿನ ಧ್ವನಿರೂಪಗಳನ್ನು ವಿಶ್ಲೇಷಿಸಿ ‘ಎರಡನೆಯ ತಲೆಮಾರಿನ ಪಂಜಾಬಿ’ಯನ್ನು ವರ್ಣಿಸ ಹೊರಟರೆ ನಾವು ವರ್ಣಿಸುವುದು ಬೇರೊಬ್ಬರ ನುಡಿಯನ್ನು.

ಎರಡನೆಯ ನಿದರ್ಶನ ಇದಕ್ಕೆ ವ್ಯತಿರಿಕ್ತ. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ ಪಂಜಾಬಿ ಕುಟುಂಬದಲ್ಲಿ ಬೆಳೆದ ಅಪಾಚೆ ಇಂಡಿಯನ್ ತಮ್ಮ ಹಾಡುಗಳನ್ನು ತಾವೇ ಹಾಡಿದರು. ಆದರೆ 1993ರ ‘ನೋ ರಿಸರ್ವೇಶನ್ಸ್’ ಸಂಕಲನದಲ್ಲಿ ಎದ್ದು ಕೇಳುವುದು ಜಮೈಕಾದ ಕ್ರಿಯೋಲ್. ಪಂಜಾಬಿ ಪದಗಳು ಅದರ ನಡುವೆ ಸುಳಿಯುತ್ತವೆ. ಕೆರಿಬಿಯನ್ ಹಾಗೂ ದಕ್ಷಿಣ ಏಷ್ಯಾದ ವಲಸಿಗರು ಒಟ್ಟಿಗೆ ಬದುಕಿದ ಬಡಾವಣೆಯಲ್ಲಿ ಈ ಆಯ್ಕೆ ಸಹಜವೇ. ಆದರೂ ಅದು ಹಿರಿಯರ ನುಡಿಯಲ್ಲ, ಶಾಲೆಯ ಇಂಗ್ಲಿಷೂ ಅಲ್ಲ, ನೆರೆಯವರ ನುಡಿ. ‘ಎರಡು ಸಂಸ್ಕೃತಿಗಳ ನಡುವೆ’ ಎಂಬ ಚೌಕಟ್ಟಿನಲ್ಲಿ ಅದಕ್ಕೆ ಎಡೆಯೇ ಇಲ್ಲ.

ಇಲ್ಲಿ ಗಾಫ್‌ಮನ್ ಮಾಡಿದ ವಿಂಗಡಣೆ ನೆರವಿಗೆ ಬರುತ್ತದೆ: ಮಾತನ್ನು ಉಚ್ಚರಿಸುವವರು, ಅದರ ಪದಗಳನ್ನು ಆಯ್ದವರು, ಅದರ ನಿಲುವಿಗೆ ಹೊಣೆಯಾದವರು ಒಬ್ಬರೇ ಆಗಿರಬೇಕಿಲ್ಲ. ಧ್ವನಿಮುದ್ರಿತ ಹಾಡಿನಲ್ಲಿ ಈ ಮೂರು ಪಾತ್ರಗಳು ಚದುರಿರುವುದೇ ಹೆಚ್ಚು. ಕೇಳುಗರ ವಿಷಯವೂ ಹೀಗೆಯೇ. 1995ರ ‘ಕ್ರಾಸಿಂಗ್’ ಕೃತಿಯಲ್ಲಿ ಬೆನ್ ರಾಂಪ್ಟನ್ ಇಂಗ್ಲೆಂಡಿನ ಒಂದು ಪಟ್ಟಣದ ಹದಿಹರೆಯದವರ ಮಾತನ್ನು ದಾಖಲಿಸಿ, ಪಂಜಾಬಿಯನ್ನು ಪಂಜಾಬಿಯೇತರರೂ ಬಳಸುತ್ತಿದ್ದರೆಂದು ತೋರಿಸಿದರು. ಭಾಂಗ್ಡಾದ ಒಲವಿನಿಂದ ಆ ನುಡಿಯತ್ತ ಬಂದ ಬಿಳಿಯ ಹುಡುಗಿಯರೂ ಅವರಲ್ಲಿದ್ದರು. ರಾಂಪ್ಟನ್ ಈ ತೀರ್ಮಾನಕ್ಕೆ ಬಂದದ್ದು ಹಾಡಿನ ಪಠ್ಯದಿಂದಲ್ಲ, ಆಟ ಹರಟೆಗಳ ನಡುವಿನ ಮಾತಿನಿಂದ.

ಹಾಡು ಅಸ್ಮಿತೆಯ ಅಧ್ಯಯನಕ್ಕೆ ನಿರುಪಯುಕ್ತವೆಂದು ನಾವು ಹೇಳುತ್ತಿಲ್ಲ. ನುಡಿಯೊಂದು ಲಾಂಛನವಾಗಿ ಹೇಗೆ ಚಲಾವಣೆಗೆ ಬರುತ್ತದೆ ಎಂಬುದಕ್ಕೆ ಹಾಡಿಗಿಂತ ಉತ್ತಮ ಆಕರ ವಿರಳ. ಆದರೆ ಲಾಂಛನವೇ ಬೇರೆ, ಸಾಮರ್ಥ್ಯವೇ ಬೇರೆ. ಪುರಂದರದಾಸರ ಪಿಳ್ಳಾರಿ ಗೀತೆಗಳಿಂದ ಕರ್ನಾಟಕ ಸಂಗೀತದ ಪಾಠ ಆರಂಭಿಸುವ ಮಕ್ಕಳಲ್ಲಿ ತಮಿಳರೂ ತೆಲುಗರೂ ಮಲಯಾಳಿಗಳೂ ಇದ್ದಾರೆ. ಹೊರದೇಶದಲ್ಲಿ ಬೆಳೆಯುವ ಕನ್ನಡಿಗರ ಮಗು ಅವನ್ನು ಶುದ್ಧವಾಗಿ ಹಾಡಿದರೂ ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡಬಲ್ಲದೆಂದು ಹೇಳಲಾಗದು.

ಈ ವ್ಯತ್ಯಾಸ ಕೇವಲ ವಿಧಾನದ ಸೂಕ್ಷ್ಮವಲ್ಲ. ಹಾಡಿನ ಜನಪ್ರಿಯತೆಯನ್ನು ಭಾಷೆಯ ಚೈತನ್ಯಕ್ಕೆ ಪುರಾವೆಯಾಗಿ ಒಪ್ಪಿದರೆ, ಮನೆಯಲ್ಲಿ ಕ್ಷೀಣಿಸುತ್ತಿರುವ ನುಡಿಯನ್ನು ಕ್ಷೇಮವಾಗಿದೆಯೆಂದು ವರದಿ ಮಾಡುವ ಅಪಾಯವಿದೆ. ಆಗ ಆ ನುಡಿಯ ತರಗತಿಗೆ ಬೆಂಬಲ ಕೇಳುವ ಪೋಷಕರ ವಾದಕ್ಕೆ ನಮ್ಮ ಲೇಖನಗಳೇ ಅಡ್ಡಬರುತ್ತವೆ. ಆದ್ದರಿಂದ ಈ ಕ್ಷೇತ್ರದ ಸಂಶೋಧಕರು ಹಾಡಿನ ಪಠ್ಯದೊಂದಿಗೆ ಮೂರು ಸಂಗತಿಗಳನ್ನಾದರೂ ದಾಖಲಿಸಬೇಕು: ಹಾಡಿದವರು ಯಾರು, ಪದಗಳನ್ನು ಕಟ್ಟಿದವರು ಯಾರು, ಹಾಡು ಮುಗಿದ ಮೇಲೆ ಕೇಳುಗರು ತಮ್ಮತಮ್ಮಲ್ಲಿ ಯಾವ ನುಡಿಯಲ್ಲಿ ಮಾತನಾಡುತ್ತಾರೆ. ಮೂರನೆಯ ಪ್ರಶ್ನೆಗೆ ಉತ್ತರ ಧ್ವನಿಮುದ್ರಿಕೆಯಲ್ಲಿ ದೊರೆಯದು. ಅದಕ್ಕೆ ಕ್ಷೇತ್ರಕಾರ್ಯವೇ ಬೇಕು.