ಬಿಸಿ ರೊಟ್ಟಿ ಬಡಿದವಳ ಊಟ

ನಮ್ಮ ಕಲಬುರಗಿ ಕಡೆ ಹಳೆಯ ಕಾಲದ ರಾತ್ರಿಯೂಟದ ಮಾತು ಬಂದರೆ ಎಲ್ಲರ ದನಿಯೂ ಮೆತ್ತಗಾಗುತ್ತದೆ. ಬಿಸಿ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಿದ್ದೆವು, ಈಗ ಅದೆಲ್ಲ ಹೋಯಿತು ಎನ್ನುತ್ತಾರೆ. ಆ ರುಚಿ ನನಗೂ ಪ್ರಾಣ. ಆದರೆ 'ಮನೆಮಂದಿಯೆಲ್ಲ ಕೂಡಿ' ಎಂಬ ಮಾತನ್ನು ಒಪ್ಪಲಾರೆ.

ರೊಟ್ಟಿಯ ಕೆಲಸವನ್ನೇ ನೋಡಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿನೀರು ಹಾಕಿ ನಾದಿದ ಕೂಡಲೇ ಬಡಿಯಬೇಕು, ತಡವಾದರೆ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿದ್ದೇ ತಾಟಿಗೆ ಹೋಗಬೇಕು. ನಡುನಡುವೆ ಒಲೆಗೆ ತೊಗರಿ ಕಟ್ಟಿಗೆ ದೂಡಬೇಕು. ಉಣ್ಣುವವರಿಗೆ ರೊಟ್ಟಿ ಬಿಸಿಯಾಗಿಯೇ ಬೇಕೆಂದರೆ ಬಡಿಯುವವಳು ಅವರ ಜೊತೆ ಕೂಡುವ ಮಾತೇ ಇಲ್ಲ. ಗಂಡಸರು, ಮಕ್ಕಳು ಎದ್ದ ಮೇಲೆ ಅತ್ತೆ, ಕಟ್ಟಕಡೆಗೆ ಸೊಸೆ. ಅಷ್ಟರಲ್ಲಿ ಪಲ್ಯದ ಬೋಗುಣಿ ತಳ ಕಂಡಿರುತ್ತಿತ್ತು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಕಾರಣ ಹಲವಿದ್ದಾವು, ಉಳಿದದ್ದನ್ನು ಉಣ್ಣುವ ಈ ರೂಢಿಯನ್ನು ಮಾತ್ರ ಲೆಕ್ಕದಿಂದ ಬಿಡಬಾರದು.

ಇನ್ನು ಕೂಡಿ ಉಣ್ಣಬೇಕೆಂದರೂ ವಾಡಿಯ ಸಿಮೆಂಟ್ ಕಾರ್ಖಾನೆಯ ಪಾಳಿ, ಶಹಾಬಾದದ ಕಲ್ಲಿನ ಖಣಿ, ಮುಂಬೈ–ಹೈದರಾಬಾದಿಗೆ ದುಡಿಯಲು ಹೋದ ಚಿಂಚೋಳಿಯ ತಾಂಡಾಗಳ ಮಂದಿ: ಇಂಥ ದುಡಿಮೆಯ ಮನೆಗಳಲ್ಲಿ ಎಲ್ಲರೂ ಒಟ್ಟಿಗಿರುವ ರಾತ್ರಿಗಳೇ ಅಪರೂಪ.

ನಿಜವಾಗಿ ಕೂಡಿ ಉಣ್ಣುವುದನ್ನು ನೋಡಬೇಕೆಂದರೆ ಎಳ್ಳು ಅಮಾವಾಸ್ಯೆಯ, ನಮ್ಮ ಎಳ್ಳಮಾಸಿಯ ದಿನ ಕೊಡ್ಲಿ ಊರಿನ ಹೊಲಗಳಿಗೆ ಹೋಗಬೇಕು. ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿದ ಮೇಲೆ ಹೆಂಗಸರೂ ಬುತ್ತಿ ಬಿಚ್ಚಿ ಸಾಲಿನಲ್ಲೇ ಕೂಡುತ್ತಾರೆ. ಸಜ್ಜಿ ರೊಟ್ಟಿ ಮೊದಲೇ ಮಾಡಿಟ್ಟದ್ದು, ಭಜ್ಜಿ ನಸುಕಿನಲ್ಲೇ ಕುದಿಸಿದ್ದು. ದುಡಿತ ಅವರದೇ, ಆದರೆ ಉಣ್ಣುವ ಹೊತ್ತಿಗೆ ಒಲೆ ಮನೆಯಲ್ಲಿದೆ. ಮೊದಲೇ ಮಾಡಿಟ್ಟುಕೊಳ್ಳುವ ಖಡಕ್ ರೊಟ್ಟಿಯ ದೊಡ್ಡ ಗುಣವೂ ಇದೇ. ಬಿಸಿ ರೊಟ್ಟಿಯನ್ನು ಹೊಗಳುವವರು ಖಡಕ್ ರೊಟ್ಟಿಯನ್ನು ಕೀಳಾಗಿ ಕಾಣುವುದು ನನಗೆ ಸಹಿಸಲಾಗದು.

ಕೊಂಡ ರೊಟ್ಟಿಯಿಂದ ಮನೆತನ ಕೆಟ್ಟಿತು ಎಂಬ ಗೊಣಗಾಟವೂ ಇದೆ. 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಜಿಲ್ಲೆಯ ಮಹಿಳೆಯರು ದಿನಕ್ಕೆ 3000ಕ್ಕೂ ಹೆಚ್ಚು ರೊಟ್ಟಿ ಮಾಡಿ ಮಾರುತ್ತಾರೆಂದು 2025ರ ಜೂನ್‌ನಲ್ಲಿ ಪ್ರಧಾನಿಯವರ 'ಮನ್ ಕಿ ಬಾತ್' ದೇಶಕ್ಕೇ ಹೇಳಿತು. ಮನೆಯಲ್ಲಿ ತಲೆತಲಾಂತರದಿಂದ ಪುಕ್ಕಟೆ ನಡೆದ ಕೆಲಸಕ್ಕೆ ಅಲ್ಲಿ ರೊಕ್ಕ ಬರುತ್ತದೆ. ಕೊಂಡ ರೊಟ್ಟಿಗೆ ಹಂಚಿನಿಂದಿಳಿದ ರೊಟ್ಟಿಯ ರುಚಿ ಇಲ್ಲ, ನಿಜ. ಆ ರುಚಿಯೇ ಬೇಕೆನ್ನುವ ಅಣ್ಣತಮ್ಮಂದಿರು ಪರಾತದ ಮುಂದೆ ತಾವೇ ಕೂತು ಬಡಿಯಲಿ, ಮೊದಲ ರೊಟ್ಟಿಯನ್ನು ಸೊಸೆಯ ತಾಟಿಗೆ ಹಾಕಲಿ.